ಗೀರಿದ ಮೇಲೆ ಒರೆಸಬೇಕು

ಕನ್ನಡಕ ಒರೆಸಲು ಸೆರಗಿನ ತುದಿ ಹಿಡಿದಾಗಲೆಲ್ಲ ನನ್ನ ಕೈ ಅರ್ಧಕ್ಕೆ ನಿಲ್ಲುತ್ತದೆ. ಬಾಯೋರು ಹೋದ ಮೇಲೆ ಇದು ಇನ್ನೂ ಹೆಚ್ಚಾಗಿದೆ. "ಒಣಗಿದ್ದನ್ನ ಒರಸಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕು ನಿನಗ? ಆ ಧೂಳಿನ್ಯಾಗ ಏಳು ಅದ. ನಿನ್ನ ಗಾಜು ಐದೂವರಿ." ದನಿ ಕಿವಿಯ ಪಕ್ಕದಲ್ಲೇ ಕೇಳಿದಂತಾಗಿ ಎದ್ದು ಹೋಗಿ ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತೇನೆ. ತೊಳೆದು ಬಂದು ಕೂತ ಮೇಲೂ ಏನೋ ಉಳಿದ ಹಾಗೆ ಅನ್ನಿಸಿ ಮತ್ತೆ ಏಳುತ್ತೇನೆ.

ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ಅವರು ಭೂವಿಜ್ಞಾನ ಕಲಿಸುತ್ತಿದ್ದರು. ಪಾಠ ಹೇಳುವ ಹೆಂಗಸರನ್ನೆಲ್ಲ ಈ ಕಡೆ ಬಾಯೋರು ಎಂದೇ ಕರೆಯುತ್ತಾರೆ. ಆದರೆ ನಮ್ಮ ಓಣಿಯಲ್ಲಿ ಯಾರಾದರೂ "ಬಾಯೋರ ಮನಿ ಯಾವುದ್ರಿ?" ಎಂದರೆ ಕೈ ತೋರಿಸುತ್ತಿದ್ದುದು ಅವರ ಮನೆಯನ್ನು ಮಾತ್ರ. ನಾನು ಮೊದಲು ಅವರ ವಿದ್ಯಾರ್ಥಿನಿ, ಆಮೇಲೆ ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ತಾಯಿ ಇನ್ನೂ ಇದ್ದಾರೆ, ಕನ್ನಡಕವಿಲ್ಲದೆ ಓದುತ್ತಾರೆ.

ಬಾಯೋರ ಕೈ ಸುಮ್ಮನಿರುತ್ತಿರಲಿಲ್ಲ. ಸ್ಟಾಫ್ ರೂಮಿನ ಮೇಜು, ಬಸ್ಸಿನ ಕಿಟಕಿಯ ಕಂಬಿ, ಹೋಟೆಲಿನ ಕಪ್ಪಿನ ಅಂಚು, ಯಾವುದಾದರೂ ಸರಿ, ಮಾತಾಡುತ್ತಲೇ ಉಗುರಿನಿಂದ ಗೀರಿ ನೋಡುತ್ತಿದ್ದರು. ಉಗುರು ಸೋತರೆ ಚೀಲದೊಳಗಿನ ಮೊಳೆ ಹೊರಗೆ ಬರುತ್ತಿತ್ತು. ಮೊಳೆ ಸೋತರೆ ಒಂದು ಬೆಣಚುಕಲ್ಲಿನ ಚೂರು. ಹೊಸ ಸೀಮೆಸುಣ್ಣದ ಪೆಟ್ಟಿಗೆ ಬಂದ ದಿನ ಒಂದನ್ನು ಗೀರಿ, "ಹೆಸರಷ್ಟ ಸುಣ್ಣ. ಇದು ಜಿಪ್ಸಮ್ಮು, ಎರಡು. ಸುಣ್ಣದ ಕಲ್ಲು ಮೂರು" ಎಂದು ಪೆಟ್ಟಿಗೆ ತಂದ ಜವಾನನಿಗೇ ಹೇಳಿದ್ದರು. ಅವನು, "ಎರಡಲ್ಲರಿ ಬಾಯೋರ, ಹನ್ನೆರಡು ಅದಾವು, ಎಣಿಸಿಕೊಂಡೇ ತಂದೀನಿ" ಎಂದ. ಬಾಯೋರು ಆ ದಿನ ಪೂರ್ತಿ ನೆನೆಸಿಕೊಂಡು ನಕ್ಕರು.

ಅವರ ಲೋಕದಲ್ಲಿ ಗಟ್ಟಿತನ ಒಂದರಿಂದ ಹತ್ತರ ತನಕ. ಮೇಲಿನದು ಕೆಳಗಿನದನ್ನು ಗೀರುತ್ತದೆ, ಕೆಳಗಿನದು ಮೇಲಿನದನ್ನು ಗೀರಲಾರದು. ಇಷ್ಟೇ ನಿಯಮ. ಒಂದು ಎಂದರೆ ಬಳಪದ ಕಲ್ಲು, ಅದಕ್ಕೆ ಉಗುರು ಸಾಕು. ಆರು ಎಂದರೆ ಹಂಪಿಯ ಬಂಡೆಗಳಲ್ಲಿ ಗುಲಾಬಿಯಾಗಿ ಕಾಣುವ ಹರಳು. ಏಳು ಬೆಣಚು. ಎಂಟು ಪುಷ್ಯರಾಗ. ಒಂಬತ್ತು ಕುರುವಿಂದ, ಮಾಣಿಕ್ಯ, ನೀಲ ಎರಡೂ ಅದೇ ಜಾತಿ. ಹತ್ತು ವಜ್ರ. ಇದನ್ನು ಕಲಿಸುವ ದಿನ ಅವರು ಕಪ್ಪು ಹಲಗೆಯ ಎಡತುದಿಯಲ್ಲಿ ಒಂದರಿಂದ ಒಂಬತ್ತನ್ನು ಇಕ್ಕಟ್ಟಾಗಿ ಬರೆದರು. ಹತ್ತಕ್ಕೆ ಹಲಗೆಯ ಬಲತುದಿ ಸಾಲದೆಂಬಂತೆ ಬಾಗಿಲು ದಾಟಿ ಹೋಗಿ ವರಾಂಡದ ಕಂಬದ ಮೇಲೆ ಬರೆದು ಬಂದರು.

"ಒಂದರಿಂದ ಒಂಬತ್ತು ಹೊಸಪೇಟಿಯಿಂದ ಕಮಲಾಪುರ ಅಂತ ತಿಳಕೋರಿ. ಒಂಬತ್ತರಿಂದ ಹತ್ತು? ಕಮಲಾಪುರದಿಂದ ಕಂಪ್ಲಿ ದಾಟಿ ಹೊಳಿ ತನಕ. ಹತ್ತು ಅಂದ್ರ ಒಂಬತ್ತರ ಮುಂದಿನ ಮನಿ ಅಲ್ಲ."

ಕಂಪ್ಲಿಯಿಂದ ದಿನವೂ ಬಸ್ಸಿಗೆ ಬರುತ್ತಿದ್ದ ಹುಡುಗನೊಬ್ಬ ಎದ್ದು, "ಹಂಗಾದ್ರ ನಾ ದಿನಾ ವಜ್ರದಿಂದ ಬರ್ತೀನ್ರಿ ಬಾಯೋರ" ಎಂದ.

"ಬರ್ತಿ. ಬಂದು ಬಳಪಾಗಿ ಕುಂದರ್ತಿ."

ಕಂಬದ ಮೇಲಿನ ಹತ್ತನ್ನು ಯಾರು ಅಳಿಸಬೇಕೆಂದು ಪ್ರಿನ್ಸಿಪಾಲರಿಗೂ ಅವರಿಗೂ ಒಂದು ವಾರ ಜಗಳವಾಯಿತು. ಹುಡುಗರು ಅಧ್ಯಾಪಕರಿಗೆಲ್ಲ ಅಂಕಿ ಹಚ್ಚುವ ಆಟ ಶುರುವಾದದ್ದೂ ಆಗಲೇ. ನಾನು ಕೆಲಸಕ್ಕೆ ಸೇರಿದಾಗ ನನಗೆ ಅಂಕಿ ಕೊಟ್ಟವರು ಸ್ವತಃ ಬಾಯೋರು. "ನೀ ಮೂರರಾಕಿ ಲೇ. ಸುಣ್ಣದ ಹರಳು. ನೋಡಲಿಕ್ಕೆ ಛಂದ, ಒಂದು ಹನಿ ಆಸಿಡ್ ಬಿದ್ರ ಬುಸ್ ಅಂತಿ."

ಸಂಡೂರಿನ ಗುಡ್ಡಕ್ಕೆ ಅವರು ಪ್ರತಿ ವರ್ಷವೂ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದರು. ನಮ್ಮ ವರ್ಷ ದೋಣಿಮಲೈ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ನಮ್ಮ ಬಸ್ಸು ತೆವಳಿ, ನಾವು ಇಳಿಯುವ ಹೊತ್ತಿಗೆ ರೆಪ್ಪೆಗಳೆಲ್ಲ ಕೆಂಪಾಗಿದ್ದವು. ಅಲ್ಲಿ ಕಬ್ಬಿಣದ ಕಪ್ಪು ಪಟ್ಟೆ, ಬೆಣಚಿನ ಜಾತಿಯ ಜಾಸ್ಪರಿನ ಕೆಂಪು ಪಟ್ಟೆ ಒಂದರ ಮೇಲೊಂದು ಕೂತ ಕಲ್ಲು ಇದೆ. ನನ್ನ ಕೈಗೆ ಚಾಕು ಕೊಟ್ಟು ಕೆಂಪು ಪಟ್ಟೆಯ ಮೇಲೆ ಎಳೆಯಲು ಹೇಳಿದರು. ಎಳೆದೆ. ಬೆಳ್ಳಗೆ ಹೊಳೆಯುವ ಗೆರೆ ಬಿತ್ತು.

"ಗೀರ್ತು ಬಾಯೋರ" ಎಂದೆ.

"ಒರಸು."

ಹೆಬ್ಬೆರಳಿನಿಂದ ಉಜ್ಜಿದೆ. ಗೆರೆ ಮಾಸಿತು. ಇನ್ನೂ ಉಜ್ಜಿದೆ. ಕಲ್ಲು ಮೊದಲು ಹೇಗಿತ್ತೋ ಹಾಗೇ ಇತ್ತು.

"ಕಲ್ಲಿಗೆ ಏನೂ ಆಗಿಲ್ಲ. ಸವದಿದ್ದು ನಿನ್ನ ಚಾಕು. ಮೆತ್ತಗಿದ್ದದ್ದು ಗಟ್ಟಿ ಇದ್ದದ್ದರ ಮ್ಯಾಲ ತನ್ನ ಹಿಟ್ಟು ಉದುರಿಸಿ ಹೋಗ್ತದ, ಅದೂ ಗೆರಿ ಹಂಗ ಕಾಣ್ತದ. ಗೀರಿದ ಮ್ಯಾಲ ಒರಸಬೇಕು. ಒರಸೋ ತನಕ ಯಾರು ಯಾರನ್ನ ಗೀರಿದ್ರು ಅಂತ ಹೇಳಬಾರದು."

ಇದನ್ನು ಆ ದಿನ ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿಕೊಂಡೆ. ಅಷ್ಟೇ.

ಅವರು ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಇದ್ದರು. ತಾಯಿಯನ್ನು ನಾವೆಲ್ಲ ಅಮ್ಮಾರು ಎನ್ನುತ್ತಿದ್ದೆವು. ವೈಷ್ಣವರ ಮನೆ, ಮಡಿ, ಎಂಜಲು ಎಲ್ಲ ಕಟ್ಟುನಿಟ್ಟು. ಬಾಯೋರ ಮೂಗಿನಲ್ಲಿ ಇದ್ದದ್ದು ಒಂದೇ ಆಭರಣ, ಏಳು ಹರಳಿನ ಮೂಗುಬಟ್ಟು. ಅಮ್ಮಾರ ಮದುವೆಯ ದಿನ ಧಾರೆಗೆ ಮುಂಚೆ ಅವರ ಅತ್ತೆಮನೆಯವರು ಹಾಕಿದ್ದು. ಗಂಡ ತೀರಿಕೊಂಡಾಗ ಅಮ್ಮಾರು ಅದನ್ನು ತಮ್ಮ ಮೂಗಿನಿಂದ ತೆಗೆದು ಅದೇ ವಾರ ಮಗಳ ಮೂಗಿಗೆ ಹಾಕಿದರು. ಈ ಮಾತನ್ನು ನನಗೆ ಹೇಳಿದವರು ಅಮ್ಮಾರೇ. ಹೇಳುವಾಗ, "ಬರೇ ಮೂಗಿನಿಂದ ಮೂಗಿಗೆ ಬಂದದ್ದು. ನಡುವ ಯಾವ ಅಕ್ಕಸಾಲಿ ಕೈಗೂ ಹೋಗಿಲ್ಲ" ಎಂದಿದ್ದರು. ಆ ವಾಕ್ಯ ಮುಂದೆ ನನ್ನನ್ನು ಇಷ್ಟು ಕಾಡುತ್ತದೆಂದು ಗೊತ್ತಿರಲಿಲ್ಲ.

ಒಮ್ಮೆ ಅವರ ಅಡುಗೆಮನೆಯ ಹೊಸ್ತಿಲಲ್ಲಿ ಕಾಫಿ ಕುಡಿಯುತ್ತ ನಾವಿಬ್ಬರೂ ವಜ್ರದ ಮಾತು ತೆಗೆದೆವು. ವಜ್ರ, ಇದ್ದಿಲು ಎರಡೂ ಒಂದೇ ಇಂಗಾಲ ಎಂದು ನಾನು ಆ ವಾರ ಪಾಠ ಮಾಡಿದ್ದೆ. ಅಮ್ಮಾರು ಒಳಗಿನಿಂದ ಕೇಳಿಸಿಕೊಂಡು, "ನನ್ನ ಮೂಗಿನ್ಯಾಗಿದ್ದ ಹರಳು ಇದ್ದಿಲಿನ ಬಳಗ ಅಂತೀರೇನು? ಬೆಂಕ್ಯಾಗ ಬಿದ್ರ ಸುಡ್ತದೇನು ಮತ್ತ?" ಎಂದರು.

"ಕಾವು ಭಾಳ ಇದ್ರ ಸುಡ್ತದಮ್ಮ" ಎಂದರು ಬಾಯೋರು. "ಬೂದಿನೂ ಉಳಿಯಂಗಿಲ್ಲ, ಗಾಳಿ ಆಗಿ ಹೋಗ್ತದ."

"ಅಯ್ಯ, ಗೀರಿದ್ರ ಗೀರಂಗಿಲ್ಲ, ಸುಟ್ರ ಸುಟ್ಟು ಹೋಗ್ತದ. ಎಂಥಾ ಗಟ್ಟಿ ಅದು?"

"ಗೀರಿಗೆ ಗಟ್ಟಿ. ಅಷ್ಟ. ಸುತ್ತಿಗಿಲೆ ಬಡದ್ರ ಹೋಳಾಗ್ತದ."

"ನಿಮ್ಮಪ್ಪನ ಹಂಗ" ಎಂದು ಅಮ್ಮಾರು ನಕ್ಕರು. ತಾಯಿ ಮಗಳು ಹಾಗೆ ಒಬ್ಬರ ಮಾತಿಗೆ ಒಬ್ಬರು ಕೊಂಡಿ ಹಾಕಿಕೊಂಡೇ ದಿನ ಕಳೆಯುತ್ತಿದ್ದರು. ಹೊರಗೆ ಕೂತ ನನಗೆ ಕೆಲವೊಮ್ಮೆ ಹೊಟ್ಟೆಕಿಚ್ಚಾಗುತ್ತಿತ್ತು.

ಈಗ ಆ ಬೆಳಗಿನ ವಿಷಯ. ನಾನು ಕಂಡದ್ದನ್ನಷ್ಟೇ, ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಮೊದಲ ಮಳೆ ಬಿದ್ದ ಮೇಲೆ ಗಡಿಯಾಚೆ ಆಂಧ್ರದ ಕೆಂಪು ಹೊಲಗಳಲ್ಲಿ ವಜ್ರ ಸಿಗುತ್ತದೆಂದು ನಮ್ಮ ಕಡೆಯಿಂದಲೂ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಬಗ್ಗಿಕೊಂಡು ದಿನವಿಡೀ ಮಣ್ಣು ನೋಡುತ್ತಾರೆ. ಬರುವಾಗ ಹೊಳೆಯುವ ಕಲ್ಲೇನಾದರೂ ಸಿಕ್ಕಿದ್ದರೆ ಬಟ್ಟೆಯ ತುದಿಗೆ ಕಟ್ಟಿಕೊಂಡು, ಅಕ್ಕಸಾಲಿಗನಿಗೆ ತೋರಿಸುವ ಮೊದಲು ಬಾಯೋರ ಮನೆಗೆ ಬರುತ್ತಿದ್ದರು. ಅಕ್ಕಸಾಲಿಗನ ಮೇಲೆ ಅನುಮಾನ, ಬಾಯೋರ ಮೇಲೆ ಅನುಮಾನವಿಲ್ಲ. ಹೀಗೆ ಎಷ್ಟೋ ಮಳೆಗಾಲ. ಒಂದು ಸಲವೂ ವಜ್ರ ಬರಲಿಲ್ಲ. "ಏಳು" ಎನ್ನುತ್ತಿದ್ದರು. ಎದುರಿಗಿರುವವರ ಮುಖ ನೋಡಿ, "ಛಲೋ ಏಳು, ಒಳಗ ಒಂದು ಬಿರುಕಿಲ್ಲ" ಎಂದು ಸೇರಿಸುತ್ತಿದ್ದರು.

ಆ ಭಾನುವಾರ ಕಂಪ್ಲಿ ಬದಿಯ ಎಮ್ಮಿಗನೂರಿನಿಂದ ಮೂವರು ಬಂದರು. ಗಂಡ, ಹೆಂಡತಿ, ಗಂಡನ ತಮ್ಮ. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ನಡೆಯುತ್ತಿದ್ದ ಸಮಯ. ರೈತರು ಊರು ಬಿಟ್ಟು ಬರುವ ದಿನಗಳಲ್ಲ. ಅಣ್ಣ ಮೊದಲು ಒಳಗೆ ಬಂದು ಗೋಡೆಗೆ ಒರಗಿ ಕೂತ. ತಮ್ಮ ಅವನಿಂದ ದೂರ, ಬಾಗಿಲ ಹತ್ತಿರ. ಹೆಂಡತಿ ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಬಂದಳು. ಬಾಯೋರೂ ನಾನೂ ಅಲ್ಲಿದ್ದೆವು.

"ಬಾಯೋರ, ಕಲ್ಲು ನನ್ನ ಕಣ್ಣಿಗೇ ಬಿದ್ದದ್ದು. ಎತ್ತಿದ ಕೈ ಮುರೀಲಿ" ಎಂದಳು. "ಮೂರು ಮಂದಿ ಕೂಡಿ ಹೋಗಿದ್ವಿ. ಇವರು ನಂದು ಅಂತಾರ, ಅಂವ ಅರ್ಧ ನಂದು ಅಂತಾನ. ಒಲಿ ಎರಡಾದ್ವು. ನಾಟಿ ಬಿಟ್ಟು ಇಬ್ರೂ ಒಬ್ರನ್ನೊಬ್ರು ಕಾಯ್ತಾರ. ಮೊನ್ನಿ ಇವರು ಕುಡುಗೋಲು ತಗೊಂಡಿದ್ರು, ನಾ ನಡುವ ಬಿದ್ದೆ." ಮೊಣಕೈ ಮೇಲಿನ ಬಟ್ಟೆ ಸರಿಸಿ ತೋರಿಸಿದಳು. "ಅದು ಅಲ್ಲ ಅಂದುಬಿಡ್ರಿ. ಅಲ್ಲ ಅಂದ್ರ ನಮ್ಮನಿ ಉಳಿತೈತಿ."

ಬಾಯೋರು ಆ ಗಾಯವನ್ನು ನೋಡಿದರು. "ಅದನ್ನ ಕಲ್ಲು ಹೇಳಬೇಕವ್ವ. ನಾ ಹೇಳೋದಲ್ಲ."

ಪಡಸಾಲೆಯಲ್ಲಿ ಅಮ್ಮಾರು ಮಂಚದ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಬಾಯೋರು ಚಾಪೆ ಹಾಸಿ, ಗಾಜಿನ ತುಂಡು, ಒಂದು ಬಟ್ಟಲು ನೀರು, ಕುರುವಿಂದದ ಬಿಲ್ಲೆ ತಂದಿಟ್ಟರು. ಆ ಬಿಲ್ಲೆ ಅವರ ವಿದ್ಯಾರ್ಥಿ ದಿನಗಳದು. ಅಂಗೈಯಷ್ಟು, ಬೂದು ಬಣ್ಣ, ಒಂದು ಮುಖ ಉಜ್ಜಿ ನಯ ಮಾಡಿದ್ದು. ಅಣ್ಣ ಸೊಂಟದಿಂದ ಕಲ್ಲು ತೆಗೆದ. ಕಡಲೆಗಿಂತ ದೊಡ್ಡದು, ತಿಳಿಯಾದದ್ದು. ನೋಡಿದರೆ ಆಸೆಯಾಗುವ ಕಲ್ಲೇ ಅದು, ನಾನೂ ಸುಳ್ಳು ಹೇಳುವುದಿಲ್ಲ.

"ನಾವ ಗಾಜಿಗೆ ಗೀರಿ ನೋಡೀವ್ರಿ, ಕೊಯ್ತೈತಿ" ಎಂದ ಅಣ್ಣ. "ಸುತ್ತಿಗಿಲೆ ಒಂದು ಹೊಡಿಯೋಣಂದ್ರ ಇಂವ ಬಿಡಲಿಲ್ಲ."

"ಬಿಡದಿದ್ದದ್ದ ಛಲೋ ಆತು. ವಜ್ರ ಆಗಿದ್ರೂ ಚೂರಾಗ್ತಿತ್ತು" ಎಂದರು ಬಾಯೋರು. ಅಂಗಳದಿಂದ ಒಂದು ಬೆಣಚುಕಲ್ಲು ಆರಿಸಿ ತಂದು ಅದೇ ಗಾಜಿನ ಮೇಲೆ ಎಳೆದರು. ಕೀಚಲು ದನಿಯೊಂದಿಗೆ ಗೆರೆ ಬಿತ್ತು. "ನೋಡ್ರಿ, ಅಂಗಳದ ಕಲ್ಲೂ ಕೊಯ್ತದ. ಗಾಜು ಎಲ್ಲಾರಿಗೂ ಸೋಲ್ತದ."

ಆಮೇಲೆ ಅವರ ಕಲ್ಲನ್ನು ಕುರುವಿಂದದ ಮೇಲೆ ಒತ್ತಿ ಎಳೆದರು. ಬಿಳಿ ಗೆರೆ ಮೂಡಿತು. ಅಣ್ಣ ಮೊಣಕಾಲೂರಿ ಎದ್ದ. "ಬಿತ್ತು. ಗೆರಿ ಬಿತ್ತಲ್ರಿ."

ಬಾಯೋರು ಹೆಬ್ಬೆರಳನ್ನು ಬಾಯಿಗೆ ಒಯ್ಯುವುದರಲ್ಲಿದ್ದರು. ಮಂಚದಿಂದ, "ಎಂಜಲು ಮಾಡಬ್ಯಾಡ ತಂಗಿ" ಎಂದರು ಅಮ್ಮಾರು; ಮಗಳನ್ನು ಅವರು ತಂಗಿ ಎಂದೇ ಕರೆಯುತ್ತಿದ್ದರು. ಬಾಯೋರು ಬೆರಳನ್ನು ಬಟ್ಟಲಿನಲ್ಲಿ ಅದ್ದಿ ಗೆರೆಯ ಮೇಲೆ ಒಂದು ಸಲ ಎಳೆದರು. ಗೆರೆ ಹೋಯಿತು.

"ಇದು ನಿನ್ನ ಕಲ್ಲು ಸವೆದು ಬಿದ್ದ ಹಿಟ್ಟಪ್ಪ. ಕುರುವಿಂದಕ್ಕ ಏನೂ ಆಗಿಲ್ಲ. ನಿನ್ನದು ಏಳು."

ಅಣ್ಣ ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ ಎಂದು ಈಗಲೂ ಅನ್ನಿಸುತ್ತದೆ. "ಇದನ್ನ ಯಾವುದಾದ್ರೂ ಗೀರ್ತೈತೇನ್ರಿ? ಯಾವುದೂ ಗೀರದಂಥ ಕಲ್ಲು ಇಟ್ಕೊಂಡು ಬಂದೋರಿಗೆಲ್ಲ ಇಲ್ಲ ಇಲ್ಲ ಅಂತ ಕಳಸ್ತಿರಬಹುದು ನೀವು."

"ವಜ್ರ ಗೀರ್ತದ."

"ಮತ್ತ ತೋರಸ್ರಿ. ನಿಮ್ಮ ಮೂಗಿನ್ಯಾಗ ಐತಲ್ಲ."

ಮಾತಾಡಿದವರು ಅಮ್ಮಾರು. "ತೋರ್ಸು ತಂಗಿ, ನೋಡ್ಲಿ. ನಮ್ಮ ಮನಿ ಹರಳು ಎಂಥಾದ್ದು ಅಂತ ತಿಳಿಲಿ ಅವಗ."

ಬಾಯೋರು ಎದ್ದು ಗೋಡೆಯ ಕಡೆ ಮುಖ ಮಾಡಿ ತಿರುಪು ಬಿಚ್ಚಿದರು. ಚಾಪೆಗೆ ಬಂದು ಕೂತು, ನಡುವಿನ ಹರಳಿನ ಮೊನೆಯಾದ ಅಂಚು ಯಾವುದೆಂದು ಬೆಳಕಿಗೆ ಹಿಡಿದು ಹುಡುಕಿದರು. ಲೋಕವನ್ನೆಲ್ಲ ಗೀರಿ ನೋಡಿದವರು ಅದೊಂದನ್ನು ಎಂದೂ ಗೀರಿರಲಿಲ್ಲ. ಅದು ಅನುಮಾನದಿಂದಲ್ಲ. ಹತ್ತು ಎಂದು ಗೊತ್ತಿದ್ದದ್ದನ್ನು ಯಾರೂ ಗೀರಿ ನೋಡುವುದಿಲ್ಲ. ಅಂಚನ್ನು ಬಿಲ್ಲೆಯ ಮೇಲಿಟ್ಟು, ಒತ್ತಿ, ಎಳೆದರು.

ಬಿಳಿ ಗೆರೆ ಬಿತ್ತು.

ಎಮ್ಮಿಗನೂರಿನ ಹೆಣ್ಣುಮಗಳು ಉಸಿರು ಬಿಟ್ಟದ್ದು ಕೇಳಿಸಿತು. ಅಮ್ಮಾರು, "ನೋಡಿದ್ಯಾ?" ಎಂದರು. ಅಣ್ಣ ತಲೆ ತಗ್ಗಿಸಿದ. ವಜ್ರ ಗೀರಿತು, ಅವನ ಕಲ್ಲು ಗೀರಲಿಲ್ಲ. ಅವನಿಗೆ ಬೇಕಾಗಿದ್ದ ಪುರಾವೆ ಸಿಕ್ಕಿತ್ತು. ಅಲ್ಲಿಗೆ ಎಲ್ಲ ಮುಗಿದಿತ್ತು. ಅವರು ಎದ್ದು ಹೋಗಬಹುದಿತ್ತು, ಅಮ್ಮಾರು ಬತ್ತಿ ಹೊಸೆಯಬಹುದಿತ್ತು, ನಾವು ಇನ್ನೊಂದು ಕಾಫಿ ಕುಡಿಯಬಹುದಿತ್ತು.

ಆದರೆ ಎಳೆಯುವಾಗ ಶಬ್ದ ಬಂದಿರಲಿಲ್ಲ. ಗಟ್ಟಿಯಾದದ್ದು ಕಚ್ಚುವಾಗ ಒಂದು ಕರ್ ಎನ್ನುವ ದನಿ ಬರುತ್ತದೆ. ಇದು ಜಾರಿದ ಹಾಗಿತ್ತು. ಅದು ನನಗೆ ಗೊತ್ತಾಯಿತು ಎಂದರೆ ಬಾಯೋರ ಬೆರಳಿಗೆ ನನಗಿಂತ ಮೊದಲೇ ಗೊತ್ತಾಗಿರಬೇಕು. ಅವರು ಮೂಗುಬಟ್ಟನ್ನು ಚಾಪೆಯ ಮೇಲಿಟ್ಟರು. ನನ್ನ ಕಡೆ ನೋಡಲಿಲ್ಲ. ತಾಯಿಯ ಕಡೆಯೂ ನೋಡಲಿಲ್ಲ. ಹೆಬ್ಬೆರಳನ್ನು ಬಟ್ಟಲಿನಲ್ಲಿ ಅದ್ದಿದರು. ಬೆರಳಿನಿಂದ ನೀರು ತೊಟ್ಟಿಕ್ಕುವ ತನಕ ತಡೆದರು. ಆಮೇಲೆ ಗೆರೆಯನ್ನು ಒರೆಸಿದರು.

ಬಿಲ್ಲೆ ನಯವಾಗಿ, ಬರಿದಾಗಿ ಇತ್ತು.

"ಇದೂ ಅಲ್ಲ" ಎಂದರು.

ಅಣ್ಣನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವನ ದನಿ ಏರಿತು. "ನಿಮ್ಮ ವಜ್ರನೂ ಗೀರಲಿಲ್ಲಂದ್ರ ನಿಮ್ಮ ಪರೀಕ್ಷಾನ ಸುಳ್ಳಲ್ರಿ. ನನ್ನ ಕಲ್ಲಿಗೊಂದು ನ್ಯಾಯ..."

"ಪರೀಕ್ಷಾ ಸರಿ ಅದ. ನನ್ನ ಹರಳು ವಜ್ರ ಅಲ್ಲ."

ಬಾಗಿಲ ಹತ್ತಿರವಿದ್ದ ತಮ್ಮ ಅಷ್ಟು ಹೊತ್ತು ಬಾಯಿ ತೆರೆದಿರಲಿಲ್ಲ. ಅರ್ಧ ಕಲ್ಲು ತನ್ನದೆಂದು ಕುಡುಗೋಲಿನ ಎದುರು ನಿಂತಿದ್ದವನು ಅವನು. ಈಗ ಎದ್ದು ನಿಂತು ಹೇಳಿದ: "ಅಣ್ಣ, ತನ್ನ ಮೂಗಿನ ಹರಳು ಸುಳ್ಳು ಅಂತ ನಾಕು ಮಂದ್ಯಾಗ ಯಾವ ಹೆಣ್ಮಗಳು ಹೇಳ್ತಾಳ? ತನ್ನದನ್ನ ಬಿಡಲಿಲ್ಲ ಆಕಿ, ನಮ್ಮದನ್ನ ಬಿಟ್ಟಾಳೇನು? ಏಳು. ನಾಟಿ ಕಾಯ್ತೈತಿ."

ಅಣ್ಣ ಕೂತೇ ಇದ್ದ. ತಮ್ಮ ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿದ. ಕೊಡವಿಕೊಳ್ಳಲಿಲ್ಲ ಅವನು. ಕಲ್ಲು ಚಾಪೆಯ ಮೇಲೆಯೇ ಉಳಿಯಿತು. ಅದನ್ನು ಯಾರೂ ಕೇಳಲಿಲ್ಲ. ಆ ಹೆಣ್ಣುಮಗಳು ಹೋಗುವಾಗ ಬಾಯೋರ ಪಾದ ಮುಟ್ಟಲು ಬಗ್ಗಿದಳು; ಅವರು ಹಿಂದೆ ಸರಿದರು. ಸುಗ್ಗಿ ಮುಗಿದ ಮೇಲೆ ಅವಳೇ ಬಂದು ಹೊಸ ಅಕ್ಕಿ, ಬೆಲ್ಲ ಕೊಟ್ಟು, "ಒಂದ ಒಲಿ ಆಗೇತ್ರಿ" ಎಂದು ಹೇಳಿ ಹೋದಳು.

ಅವರು ಹೋದ ಮೇಲೆ ಪಡಸಾಲೆಯಲ್ಲಿ ನಾವು ಮೂವರೇ. ಅಮ್ಮಾರ ಬೆರಳುಗಳ ನಡುವೆ ಅರ್ಧ ಹೊಸೆದ ಬತ್ತಿ ಇತ್ತು.

"ನನ್ನ ಮೂಗಿನ್ಯಾಗ ಇದ್ದಾಗ ಅದು ವಜ್ರ ಇತ್ತು" ಎಂದರು.

ಮೂಗಿನಿಂದ ಮೂಗಿಗೆ ಬಂದದ್ದು, ನಡುವೆ ಯಾರ ಕೈಗೂ ಹೋಗದ್ದು. ಹಾಗಾದರೆ ಸುಳ್ಳು ಬಂದದ್ದು ಎಲ್ಲಿಂದ ಎಂಬುದಕ್ಕೆ ಒಂದೇ ಉತ್ತರವಿತ್ತು, ಅದು ಧಾರೆಯ ದಿನದ ಮಂಟಪಕ್ಕೆ, ಅತ್ತೆಮನೆಯವರ ಕೈಗೆ ಹೋಗಿ ನಿಲ್ಲುತ್ತಿತ್ತು. ಅಮ್ಮಾರು ಗಂಡನ ಜೊತೆ ಬಾಳಿದ ಎಲ್ಲ ವರ್ಷಗಳ ಹಿಂದಕ್ಕೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

"ಗೆರಿ ಬಿದ್ದಿತ್ತಲ್ಲ" ಎಂದರು ಅಮ್ಮಾರು. "ಅವರು ಒಪ್ಪಿದ್ರಲ್ಲ. ಒರಸೋದೇನಿತ್ತು ನಿನಗ?"

ಬಾಯೋರು ಮೂಗುಬಟ್ಟನ್ನು ಎತ್ತಿ, ಬಟ್ಟಲಿನ ನೀರಿನಲ್ಲಿ ತೊಳೆದು, ಅಲ್ಲೇ ಮತ್ತೆ ಮೂಗಿಗೆ ಹಾಕಿಕೊಂಡರು. ತಿರುಪು ಸಿಗದೆ ಬೆರಳು ತಡವರಿಸಿತು. ನಾನು ಹೋಗಿ ಹಾಕಿದೆ. ಸಾಯುವ ತನಕ ಅದನ್ನು ಅವರು ಬದಲಿಸಲಿಲ್ಲ.

ಆ ದಿನದ ನಂತರ ತಾಯಿ ಮಗಳು ಜಗಳವಾಡಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಊಟಕ್ಕೆ ಬಾ, ಗುಳಿಗೆ ತಗೋ, ಕರೆಂಟ್ ಹೋತು, ಇಷ್ಟು ಮಾತು. ಕೊಂಡಿ ಹಾಕುವ ಮಾತು ನಿಂತುಹೋಯಿತು. ಹೂಬತ್ತಿ ಹೊಸೆಯುವ ಮಂಚ ದೇವರಮನೆಯ ಪಕ್ಕಕ್ಕೆ ಹೋಯಿತು. ಬಾಯೋರು ಕಾಲೇಜಿನಿಂದ ನೇರ ಮನೆಗೆ ಹೋಗದೆ ಹಂಪಿಯ ಬಸ್ಸು ಹತ್ತುತ್ತಿದ್ದರು. ಕೆಲವು ಸಂಜೆ ನಾನೂ ಹೋದೆ. ಕೂರುತ್ತಿರಲಿಲ್ಲ ಅವರು. ಒಂದು ಮಂಟಪದಿಂದ ಇನ್ನೊಂದಕ್ಕೆ, ಅಲ್ಲಿಂದ ಹೊಳೆಯ ತನಕ, ಮತ್ತೆ ಹಿಂದಕ್ಕೆ. ಸವೆದು ತಗ್ಗಾದ ಮೆಟ್ಟಿಲೊಂದರ ಮೇಲೆ ನಿಂತು ಒಮ್ಮೆ ಹೇಳಿದರು: "ಮಂದಿ ಕಾಲು ಸವೆಸ್ಯಾವ ಅಂತಾರ. ಕಾಲು ಇದನ್ನ ಏನು ಸವೆಸ್ತದ? ಕಾಲಡಿ ಧೂಳು. ಧೂಳಿನ್ಯಾಗಿನ ಏಳು. ದಿನಾ ಒಂದಿಷ್ಟು."

ಅವರ ಕೆಲಸದ ಕೊನೆಯ ವರ್ಷ, ಬುಕ್ಕಸಾಗರದಲ್ಲಿ ಒಬ್ಬ ವಿದ್ಯಾರ್ಥಿಯ ಮದುವೆಗೆ ಹೋಗಿ, ಗದ್ದೆಗಳ ನಡುವಿನ ದಾರಿಯಲ್ಲಿ ಬಸ್ಸಿಗೆ ನಡೆದುಬರುವಾಗ ನಾನು ಕೇಳಿಯೇಬಿಟ್ಟೆ.

"ಬಾಯೋರ, ಅವತ್ತು ಒರಸದಿದ್ರ ಏನಾಗ್ತಿತ್ರಿ?"

ಅವರು ನಿಲ್ಲಲಿಲ್ಲ. "ಏನೂ ಆಗ್ತಿರಲಿಲ್ಲ. ಅವರ ಮನಿನೂ ಉಳೀತಿತ್ತು, ನಮ್ಮನಿನೂ ಉಳೀತಿತ್ತು."

"ಮತ್ತ?"

"ಒರಸದಿದ್ರ ಅದು ಪರೀಕ್ಷಾ ಅಲ್ಲ ಲೇ, ಆರತಿ ಎತ್ತಿದಂಗ." ನಾನು ನಗಬೇಕೋ ಬೇಡವೋ ಎಂದು ನೋಡುತ್ತಿರುವಾಗಲೇ ಇನ್ನಷ್ಟು ದೂರ ನಡೆದು, ಹಿಂತಿರುಗಿ ನೋಡದೆ, "ಅಮ್ಮನ್ನ ಒಳಗ ಕಳಿಸಿ ಮಾಡಬೇಕಿತ್ತು" ಎಂದರು. ಬಸ್ಸು ಬಂದಾಗ ತಾವಾಗಿಯೇ, "ಪುಷ್ಯರಾಗ ಇರಬೇಕು. ಬಿಳೀದು. ಎಂಟು. ಎಂಟು ಏನು ಸಣ್ಣದಲ್ಲ" ಎಂದು ಹತ್ತಿದರು.

ನಿವೃತ್ತಿಯಾದ ಮೇಲೆ ಅವರು ಬಹಳ ದಿನ ಇರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಎಲೆ ಹಾಕಿ, ಎದೆ ಹಿಡಿದುಕೊಂಡು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ನಾನು ಹೋದಾಗ ಪಡಸಾಲೆಯಲ್ಲಿ ಮಲಗಿಸಿದ್ದರು. ಅವರ ಬಲಗೈ ಅಲುಗದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮಾರು ತಲೆಯ ಹತ್ತಿರ ಕೂತಿದ್ದರು. ಅಳುತ್ತಿರಲಿಲ್ಲ.

ಮೈ ತೊಳೆಯುವ ಮೊದಲು ಬಳಗದ ಹೆಂಗಸರು ಗುಸುಗುಸು ಮಾತಾಡಿಕೊಂಡರು. ಅವರಲ್ಲಿ ದೊಡ್ಡವರೊಬ್ಬರು ಅಮ್ಮಾರ ಕಿವಿಯ ಹತ್ತಿರ ಬಗ್ಗಿದರು. "ಮೂಗುಬಟ್ಟು ತೆಗಿಯೋದೋ, ಹಂಗ ಬಿಡೋದೋ?"

ಅಮ್ಮಾರು ನನ್ನನ್ನು ಕರೆದರು. "ನೀ ತೆಗಿ. ತಿರುಪು ನಿನಗ ಗೊತ್ತು."

ಆಮೇಲೆ, ಎಲ್ಲರಿಗೂ ಕೇಳುವ ಹಾಗೆ: "ವಜ್ರ ಬೆಂಕ್ಯಾಗ ಸುಟ್ಟು ಹೋಗ್ತದ. ಬೂದಿನೂ ಉಳಿಯಂಗಿಲ್ಲ. ಆಕಿನ ಹೇಳಿದ್ಲು."

ನಾನು ಬಗ್ಗಿ ತಿರುಪು ಬಿಚ್ಚಿದೆ. ತಣ್ಣಗಿತ್ತು. ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ನೋಡಬಾರದಿತ್ತು. ನಡುವಿನ ಹರಳಿನ ಒಂದು ಅಂಚು ಮೊಂಡಾಗಿತ್ತು, ಅಂದು ಕುರುವಿಂದದ ಮೇಲೆ ಎಳೆದ ಅಂಚು. ಕೂದಲೆಳೆಯಷ್ಟು ಸವೆತ. ಹುಡುಕಿದವರಿಗಷ್ಟೇ ಕಾಣುವಂಥದ್ದು.

"ಖರೇನ ವಜ್ರ ಏನ್ರಿ?" ಎಂದು ಕೇಳಿದರು ಆ ದೊಡ್ಡವರು. ಅಮ್ಮಾರನ್ನಲ್ಲ, ನನ್ನನ್ನು. "ನೀವೂ ಆಕಿ ಜೋಡಿ ಕಲಿಸ್ತಿದ್ರಲ್ಲ, ನಿಮಗ ಗೊತ್ತಿರ್ತದ."

ಅಮ್ಮಾರು ಕೈ ಚಾಚಿ ನನ್ನ ಮುಖ ನೋಡುತ್ತಿದ್ದರು. ಕೆಳಗೆ ಬಾಯೋರು ಮಲಗಿದ್ದರು, ಮೂಗಿನ ಮೇಲೆ ಒಂದು ಸಣ್ಣ ತೂತು.

"ಅಮ್ಮಾರು ಹೇಳಿದ್ರಲ್ರಿ" ಎಂದೆ.

ಅಮ್ಮಾರು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಮೈ ತೊಳೆಯಲು ಇಟ್ಟಿದ್ದ ನೀರು ಪಕ್ಕದಲ್ಲೇ ಇತ್ತು, ಒರೆಸಲೆಂದು ನನ್ನ ಕೈ ಅದರ ಕಡೆ ಹೋಗಲಿಲ್ಲ. ಗೆರೆ ಬಿದ್ದಲ್ಲೇ ಇದೆ.